ಕೂತವರು ಏಳಬೇಕು

ವಯಸ್ಸಾದವರಿಗೆ ಕೊಡುವ ಸಲಹೆ ನಮ್ಮಲ್ಲಿ ಒಂದೇ ಮಾತಿಗೆ ಮುಗಿದುಹೋಗುತ್ತದೆ: ವಾಕಿಂಗ್ ಮಾಡಿ. ಡಾಕ್ಟರು ಅದನ್ನೇ ಹೇಳುತ್ತಾರೆ, ದೂರದೂರಿನ ಮಕ್ಕಳು ಫೋನಿನಲ್ಲಿ ಅದನ್ನೇ ಹೇಳುತ್ತಾರೆ. ನಡಿಗೆ ಒಳ್ಳೆಯದೇ. ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ನಿದ್ದೆಗೆ ಅಷ್ಟು ಸುಲಭದ ಮದ್ದು ಸಿಗುವುದು ಕಷ್ಟ. ಆದರೆ ನನ್ನ ಕಣ್ಣೆದುರು ಮುಪ್ಪಿಗೆ ಸಂದವರ ಓಡಾಟಕ್ಕೆ ಮೊದಲು ಅಡ್ಡ ಬಂದದ್ದು ದೂರವಲ್ಲ, ಎತ್ತರ. ಕೆರೆ ಏರಿಯ ಮೇಲೆ ಅರ್ಧ ಗಂಟೆ ನಡೆದು ಬರುವವರೇ ತಗ್ಗು ಸೋಫಾದಿಂದ ಏಳುವಾಗ ಎರಡೂ ಕೈ ಊರಿ, ಒಮ್ಮೆ ಹಿಂದಕ್ಕೆ ಕುಸಿದು, ಮತ್ತೆ ಪ್ರಯತ್ನಿಸುತ್ತಾರೆ. ಮದುವೆಗೆ ಕರೆದರೆ “ಅಲ್ಲಿ ಪಾಯಿಖಾನೆ ಹೇಗಿದೆಯೋ ಏನೋ” ಎಂದು ಹಿಂಜರಿಯುತ್ತಾರೆ. ಕೂತು ಏಳುವ ಬಲ ಹೋದರೆ ನೆಂಟರ ಮನೆ, ಬಸ್ಸು, ದೇವಸ್ಥಾನ ಒಂದೊಂದಾಗಿ ಕೈಬಿಟ್ಟುಹೋಗುತ್ತವೆ. ಹಾಗಾಗಿ ಹಿರಿಯರು ಎಷ್ಟು ನಡೆಯುತ್ತಾರೆ ಎಂದು ಕೇಳುವ ಮೊದಲು ಕುರ್ಚಿಯಿಂದ ಹೇಗೆ ಏಳುತ್ತಾರೆ ಎಂದು ನಾನು ನೋಡುತ್ತೇನೆ.

ತೀರ್ಥಹಳ್ಳಿ ಕಡೆಯ ನನ್ನ ಸೋದರತ್ತೆಯ ಸಂಸಾರ ಒಂದು ಕಾಲಕ್ಕೆ ಪೂರ್ತಿ ನೆಲದ ಮೇಲೇ ನಡೆಯುತ್ತಿತ್ತು. ಮಣೆ ಹಾಕಿ ಊಟ. ಮೆಟ್ಟುಗತ್ತಿಯ ಮೇಲೆ ಕೂತು ತರಕಾರಿ ಹೆಚ್ಚುವುದು, ಕುಕ್ಕರುಗಾಲಿನಲ್ಲಿ ಕೂತು ಬಚ್ಚಲೊಲೆಗೆ ಉರಿ ಹಾಕುವುದು, ಒರಳಿನ ಮುಂದೆ ಕಾಲು ಚಾಚಿ ಹಿಟ್ಟು ರುಬ್ಬುವುದು, ಬೆಳಿಗ್ಗೆ ಅಂಗಳಕ್ಕೆ ರಂಗೋಲಿ. ಅಡಿಕೆ ಕೊಯ್ಲು ಶುರುವಾಯಿತೆಂದರೆ ಸುಲಿಯಲು ಹೆಂಗಸರು ಸಾಲಾಗಿ ಕೂತು ರಾತ್ರಿ ಎಷ್ಟೋ ಹೊತ್ತಿನವರೆಗೆ ಕೆಲಸ. ನಡುನಡುವೆ ಏಳುವುದು ಇದ್ದೇ ಇತ್ತು: ಹಾಲಿಗೆ, ಮಗುವಿಗೆ, ಬಾಗಿಲಿಗೆ ಬಂದವರಿಗೆ. ಎಷ್ಟು ಸಲ ಎದ್ದೆವೆಂದು ಯಾರೂ ಲೆಕ್ಕವಿಡಲಿಲ್ಲ. ಆ ದುಡಿಮೆಯನ್ನು ಹಾಡಿ ಹೊಗಳುವ ಮನಸ್ಸು ನನಗಿಲ್ಲ. ಹೊಗೆ ಕುಡಿದು, ಬಿಡುವಿಲ್ಲದೆ ಗೇಯ್ದು, ಬೆನ್ನು ಬಾಗಿ ಮಂಡಿ ಸವೆದವರನ್ನು ಅದೇ ಮನೆಯಲ್ಲಿ ಕಂಡಿದ್ದೇನೆ. ಮಿಕ್ಸಿ, ಗ್ಯಾಸು, ಕಟ್ಟೆಯ ಮೇಲಿನ ಅಡುಗೆ ಅವರ ಪಾಲಿಗೆ ದೊಡ್ಡ ಬಿಡುಗಡೆ. ಆದರೆ ಒರಳು ಹಿತ್ತಿಲು ಸೇರಿದ ದಿನ, ಮೈ ದಿನವೂ ನೆಲಕ್ಕಿಳಿದು ಮೇಲೇಳುವ ರೂಢಿಯೂ ಹಿತ್ತಿಲು ಸೇರಿತು. ಅದರ ಜಾಗಕ್ಕೆ ಏನಾದರೂ ಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನಮ್ಮಲ್ಲಿ ಹಿರಿಯರಿಗೆ ಮರ್ಯಾದೆ ಕೊಡುವುದೆಂದರೆ ಕೂರಿಸುವುದು. ಕುರ್ಚಿ ಬಿಟ್ಟುಕೊಡುತ್ತೇವೆ, ನೀರನ್ನು ಕೂತಲ್ಲಿಗೇ ತರುತ್ತೇವೆ, ಕೆಳಗೆ ಬಿದ್ದ ಕನ್ನಡಕ ಎತ್ತಿಕೊಡಲು ಓಡುತ್ತೇವೆ. “ನೀವು ಕೂತ್ಕೊಳ್ಳಿ ಅತ್ತೆ, ನಾನು ಮಾಡ್ತೀನಿ” ಎನ್ನುವ ಸೊಸೆಯ ಮಾತಿನಲ್ಲಿ ಅಕ್ಕರೆ ಬಿಟ್ಟು ಬೇರೇನೂ ಇರಲಿಲ್ಲ. ಅತ್ತೆ ಕೂತರು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಏಳಲು ಮೊಮ್ಮಗನ ಕೈ ಬೇಕಾಯಿತು. ಒಂದು ಮಧ್ಯಾಹ್ನ ಬಚ್ಚಲಲ್ಲಿ ಜಾರಿದರು. ಮೂಳೆಗೇನೂ ಆಗಲಿಲ್ಲ, ಆದರೆ ಏಳಲು ಬರಲಿಲ್ಲ. ಸೊಸೆ ತೋಟದಿಂದ ಬರುವವರೆಗೆ ಒದ್ದೆ ನೆಲದ ಮೇಲೇ ಇದ್ದರು. ಆಮೇಲೆ ಹಿಡಿದದ್ದು ಹೆದರಿಕೆ. ಬಿದ್ದೇನೆಂಬ ಹೆದರಿಕೆಯಲ್ಲಿ ಓಡಾಟ ಕಡಿಮೆ, ಓಡಾಟ ಕಡಿಮೆಯಾದಷ್ಟೂ ಕಾಲು ಸೋಲುತ್ತದೆ, ಕಾಲು ಸೋತಷ್ಟೂ ಬೀಳುವ ಸಂಭವ ಹೆಚ್ಚು. ಎಷ್ಟೋ ಮನೆಗಳಲ್ಲಿ ಹಿರಿಯರು ಹಾಸಿಗೆ ಹಿಡಿದದ್ದು ಕಾಯಿಲೆಯಿಂದಲ್ಲ, ಈ ಸುತ್ತಿನೊಳಗೆ ಸಿಕ್ಕಿಕೊಂಡು. ನನಗೆ ಸಂಕಟವಾಗುವುದು, ಇದರ ಮೊದಲ ತಿರುವಿನಲ್ಲಿ ನಮ್ಮ ಪ್ರೀತಿಯೇ ನಿಂತಿರುತ್ತದೆ ಎಂಬುದಕ್ಕೆ.

ವಯಸ್ಸಿನ ಜೊತೆ ಸ್ನಾಯು ಕರಗುವುದು ನಿಜ. ನಡುವಯಸ್ಸಿನಲ್ಲೇ ಮೆಲ್ಲಗೆ ಶುರುವಾಗಿ ಅರವತ್ತರ ಆಚೆ ಬಿರುಸಾಗುತ್ತದೆ. ನಮ್ಮನ್ನು ಕೂತಲ್ಲಿಂದ ಎಬ್ಬಿಸುವುದು ಮುಖ್ಯವಾಗಿ ತೊಡೆಯ ಮುಂಭಾಗದ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು. ಅವುಗಳ ಎಳೆಗಳಲ್ಲೂ ಎರಡು ಬಗೆ: ನಿಧಾನವಾಗಿ ಬಹಳ ಹೊತ್ತು ದುಡಿಯುವವು, ಥಟ್ಟನೆ ಬಲ ಹಾಕುವವು. ಮುಪ್ಪಿನಲ್ಲಿ ಹೆಚ್ಚು ಸೊರಗುವುದು ಈ ಎರಡನೆಯವು. ಹೊಸ್ತಿಲು ಎಡವಿದಾಗ ತಟಕ್ಕನೆ ಇನ್ನೊಂದು ಕಾಲನ್ನು ಮುಂದಿಟ್ಟು ಬೀಳದಂತೆ ಕಾಯುವುದು ಇವೇ. ಸಮತಟ್ಟು ನೆಲದ ಮೇಲಿನ ನಿಧಾನ ನಡಿಗೆ ಇವಕ್ಕೆ ಕೊಡುವ ಕೆಲಸ ಕಡಿಮೆ.

ಸೊರಗಿದ್ದು ಮರಳಿ ಬರುತ್ತದೆಯೇ? 1990ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು ನನಗೆ ತುಂಬ ಪ್ರಿಯ. ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಸುಪಾಸಿನ, ನಿಶ್ಶಕ್ತರಾದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಕೊಟ್ಟರು. ಪೂರ್ತಿಗೊಳಿಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು. ಇಬ್ಬರು ಊರುಗೋಲು ಬಿಟ್ಟರು. ಅಭ್ಯಾಸ ನಿಲ್ಲಿಸಿದ ನಾಲ್ಕೇ ವಾರದಲ್ಲಿ ಆ ಬಲದಲ್ಲಿ ಮೂರನೇ ಒಂದು ಭಾಗದಷ್ಟು ಇಳಿದೂ ಹೋಯಿತು. ತೊಂಬತ್ತರಲ್ಲೂ ಸ್ನಾಯು ಹೇಳಿದ ಮಾತು ಕೇಳುತ್ತದೆ, ಹೇಳುತ್ತಲೇ ಇರಬೇಕು ಅಷ್ಟೆ. ಬ್ರೆಜಿಲಿನ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ಅವರ ತಂಡ 51ರಿಂದ 80 ವಯಸ್ಸಿನ 2002 ಮಂದಿಯನ್ನು ನೆಲದ ಮೇಲೆ ಕೂರಿಸಿ ಎಬ್ಬಿಸಿ ಅಂಕ ಕೊಟ್ಟಿತು. ಕೈಯೋ ಮಂಡಿಯೋ ಊರಿದರೆ ಒಂದೊಂದು ಅಂಕ ಕಡಿತ, ತೂರಾಡಿದರೆ ಅರ್ಧ. ತೀರ ಕಡಿಮೆ ಅಂಕದವರಲ್ಲಿ ಮುಂದಿನ ವರ್ಷಗಳ ಸಾವು ಹೆಚ್ಚಿತ್ತು. ನೆಲದಿಂದ ಏಳಲಾಗದ್ದೇ ಆ ಸಾವಿಗೆ ಕಾರಣವೆಂದು ಇದರರ್ಥವಲ್ಲ. ಬಲ, ಸಮತೋಲನ, ಕೀಲಿನ ಸಡಿಲ ಎಲ್ಲ ಒಟ್ಟಾಗಿ ಆ ಒಂದು ಏಳುವಿಕೆಯಲ್ಲಿ ಕಾಣಿಸುತ್ತವೆ. ಮಂಡಿನೋವಿನವರು ಒಬ್ಬರೇ ಇದ್ದಾಗ ಇದನ್ನು ಪರೀಕ್ಷೆ ಮಾಡಿಕೊಳ್ಳಲು ಹೋಗಬಾರದು.

ಅತ್ತೆಗೆ ಕಲಿಸಿದ್ದು ಶಿವಮೊಗ್ಗದ ಒಬ್ಬ ಚಿಕ್ಕ ವಯಸ್ಸಿನ ಫಿಸಿಯೋಥೆರಪಿಸ್ಟ್. ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ತಾಗಿಸಿಟ್ಟು, ಮೇಲೆ ಎರಡು ದಿಂಬು ಹಾಕಿಸಿದಳು. ಎತ್ತರ ಹೆಚ್ಚಿದರೆ ಏಳುವುದು ಹಗುರ. “ಅಂಚಿಗೆ ಬನ್ನಿ ಅಜ್ಜಿ. ಪಾದ ಸ್ವಲ್ಪ ಹಿಂದಕ್ಕೆ. ಈಗ ಮುಂದಕ್ಕೆ ಬಗ್ಗಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರಲಿ. ಉಸಿರು ಬಿಡ್ತಾ ಏಳಿ.” ಹಿರಿಯರಲ್ಲಿ ಹೆಚ್ಚಿನವರು ಬೆನ್ನು ನೆಟ್ಟಗಿಟ್ಟುಕೊಂಡು ಏಳಲು ನೋಡುತ್ತಾರೆ. ಮೈಯ ಭಾರ ಪಾದದ ಮೇಲೆ ಬರುವುದೇ ಇಲ್ಲ. ಬಾಗಿದ ಕೂಡಲೇ ಅತ್ತೆ ಎದ್ದುಬಿಟ್ಟರು, ತಮಗೇ ನಂಬಿಕೆ ಬರದೆ ಮತ್ತೆ ಕೂತು ಮತ್ತೆ ಎದ್ದರು. ಕೂರುವಾಗ ಧೊಪ್ಪೆಂದು ಬೀಳದೆ ಮೆಲ್ಲಗೆ ಇಳಿಯಬೇಕು ಎಂಬುದು ಅವಳ ಕಟ್ಟಪ್ಪಣೆ, ಇಳಿಯುವಾಗಲೂ ಅದೇ ಸ್ನಾಯು ದುಡಿಯುತ್ತದೆ. ದಿನ ಕಳೆದಂತೆ ಒಂದು ದಿಂಬು ಹೋಯಿತು, ಆಮೇಲೆ ಇನ್ನೊಂದು. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಅದನ್ನೇ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಕ್ರಮೇಣ ಎರಡೇ ಬೆರಳು ಸಾಕೆನ್ನುವಷ್ಟಕ್ಕೆ ಬರುವುದು. ಮಂಡಿ ಊದಿದ ದಿನ ಅವೆಲ್ಲ ಬಿಟ್ಟು, ಮಲಗಿ, ಸುತ್ತಿದ ಟವೆಲನ್ನು ಮಂಡಿಯ ಕೆಳಗಿಟ್ಟು ಒತ್ತಿ ಹಿಡಿಯುವುದು. ಮಂಡಿ ಸವೆದಿದೆಯೆಂದು ಕಾಲು ಆಡಿಸದೆ ಕೂರುವುದು ತಪ್ಪು ಔಷಧ. ತೊಡೆ ಗಟ್ಟಿಯಾದರೆ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ಅರವತ್ತೈದು ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷದ ನಡಿಗೆಯಂಥ ಚಟುವಟಿಕೆಯ ಜೊತೆಗೆ ವಾರದಲ್ಲಿ ಮೂರು ದಿನವಾದರೂ ಬಲ ಮತ್ತು ಸಮತೋಲನದ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮೊದಲರ್ಧ ನಮ್ಮೂರಿನ ಪಾರ್ಕುಗಳನ್ನು ತಲುಪಿದೆ, ಎರಡನೆಯದು ಇನ್ನೂ ದಾರಿಯಲ್ಲಿದೆ.

ಆ ಹುಡುಗಿ ಕಲಿಸಿದ ಇನ್ನೊಂದು ವಿದ್ಯೆಯನ್ನು ಪ್ರತಿ ಮನೆಯಲ್ಲೂ ಕಲಿಸಬೇಕು ಎನ್ನಿಸುತ್ತದೆ: ಬಿದ್ದ ಮೇಲೆ ಏಳುವುದು ಹೇಗೆ. ಗಾಬರಿಯಲ್ಲಿ ತಕ್ಷಣ ಏಳಹೊರಡಬಾರದು. ಉಸಿರು ಸುಧಾರಿಸಿಕೊಂಡು, ಎಲ್ಲಾದರೂ ಜೋರಾಗಿ ನೋಯುತ್ತಿದೆಯೇ ನೋಡಿಕೊಳ್ಳಬೇಕು. ಸೊಂಟ ನೋಯುತ್ತಿದ್ದರೆ ಅಲ್ಲಾಡದೆ ಕೂಗಿ ಕರೆಯಬೇಕು. ಇಲ್ಲದಿದ್ದರೆ ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಹತ್ತಿರದ ಕುರ್ಚಿಯವರೆಗೆ ತೆವಳಿ, ಎರಡೂ ಕೈ ಅದರ ಮೇಲಿಟ್ಟು, ಬಲವಿರುವ ಕಾಲಿನ ಪಾದವನ್ನು ಮುಂದೆ ಊರಿ, ಒತ್ತಿ ಮೇಲೆದ್ದು ಕೂರುವುದು. ಹಾಸಿಗೆಯ ಮೇಲೆ, ಆಮೇಲೆ ಚಾಪೆಯ ಮೇಲೆ, ಸೊಸೆಯನ್ನು ಪಕ್ಕದಲ್ಲಿಟ್ಟುಕೊಂಡು ಅತ್ತೆ ಇದನ್ನು ಕಲಿತರು. ನನ್ನ ಮಟ್ಟಿಗೆ ಅವರ ಹೆದರಿಕೆ ಬಿಟ್ಟದ್ದು ಕಾಲಿಗೆ ಬಲ ಬಂದಾಗಲ್ಲ, ಈ ದಾರಿ ಗೊತ್ತಾದಾಗ.

ಮೈಯನ್ನು ವಯಸ್ಸಿಗೆ ಹೊಂದಿಸಿ ದುಡಿಸುವುದು ಈ ನಾಡಿಗೆ ಹೊಸತೇನಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ 1888ರಲ್ಲಿ ಹುಟ್ಟಿ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸಿದ ತಿರುಮಲೈ ಕೃಷ್ಣಮಾಚಾರ್ಯರು ತೊಂಬತ್ತಾರರಲ್ಲಿ ಸೊಂಟದ ಮೂಳೆ ಮುರಿದಾಗ ಹಾಸಿಗೆಯಲ್ಲೇ ಮಾಡಬಲ್ಲ ಅಭ್ಯಾಸಗಳನ್ನು ತಮಗಾಗಿ ರೂಪಿಸಿಕೊಂಡರು. ಅವರ ಬಾಮೈದ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಮಡಿಸುವ ಕುರ್ಚಿ, ಹಗ್ಗ, ದಿಂಬುಗಳನ್ನು ಯೋಗಶಾಲೆಯೊಳಕ್ಕೆ ತಂದು, ಬಾಗದ ಮೈಗಳಿಗೂ ಆಸನದ ದಾರಿ ತೆರೆದರು. ಆಸರೆ ಹಿಡಿಯುವುದರಲ್ಲಿ ಅವರು ಕೊರತೆ ಕಾಣಲಿಲ್ಲ.

ಎಚ್ಚರ ಬೇಕಾದ ಕಡೆ ಬೇಕು. ಎದೆನೋವು, ಈಚೆಗೆ ಆದ ಆಪರೇಷನ್, ಮೂಳೆ ಟೊಳ್ಳಾಗಿರುವುದು ಇದ್ದರೆ ಮೊದಲು ಡಾಕ್ಟರನ್ನು ಕೇಳಬೇಕು. ಬಿ.ಪಿ. ಮಾತ್ರೆ ನುಂಗುವವರಿಗೆ ಹಾಸಿಗೆಯಿಂದ ಒಮ್ಮೆಲೇ ಎದ್ದರೆ ಕಣ್ಣು ಕತ್ತಲಿಡಬಹುದು, ಅಂಚಿನಲ್ಲಿ ಕೂತು ಪಾದ ಆಡಿಸಿ ಏಳುವುದು ಒಳಿತು. ಬಚ್ಚಲಿಗೆ ಕಂಬಿ ಹಾಕಿಸಿ, ಜಾರುವ ಕಾಲೊರಸು ತೆಗೆಯಿರಿ. ಮನೆಗೆ ಟೈಲ್ಸ್ ಹಾಕಿಸುವವರು ಹೊಳಪಿಗಿಂತ ಹಿಡಿತವನ್ನು ನೋಡಿ ಆರಿಸಲಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ.

2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಾಗ ಕೊಪ್ಪದಲ್ಲಿರುವ ತಂಗಿಯ ಮನೆಗೆ ಹೋಗಿಬರುವ ಆಸೆ ಅತ್ತೆಗೆ ಹುಟ್ಟಿತ್ತು. ಟಿಕೆಟ್ಟಿಗೆ ದುಡ್ಡು ಬೇಡ, ಸರಿ. ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಅವರ ಮಂಡಿಯಷ್ಟೆತ್ತರಕ್ಕೆ ನಿಂತಿತ್ತು. ಈಗ ಜಗಲಿಯ ಮೆಟ್ಟಿಲನ್ನೇ ಬಸ್ಸೆಂದುಕೊಂಡು, ಕಂಬ ಹಿಡಿದು ಹತ್ತುತ್ತಾರೆ. “ಎತ್ತಬೇಡ ಮಾರಾಯ್ತಿ, ಹಿಂದೆ ನಿಂತಿರು ಸಾಕು” ಎನ್ನುತ್ತಾರೆ. ಕೊಪ್ಪಕ್ಕೆ ಹೋಗಿ ಬಂದೂ ಆಯಿತು. ಈಗಿನ ಹಟ ಶೃಂಗೇರಿ. ತುಂಗೆಯ ಮೆಟ್ಟಿಲಿಳಿದು ಮೀನಿಗೆ ಪುರಿ ಹಾಕಬೇಕಂತೆ. ಇಳಿಯುವಾಗ ಒಂದೇ ಕಾಲು ಇಡೀ ಮೈಯ ಭಾರವನ್ನು ತಡೆದು ಬಿಡಬೇಕು, ಬೀಳುವ ಅಪಾಯವೂ ಹತ್ತುವಾಗಿನದಕ್ಕಿಂತ ಇಳಿಯುವಾಗಲೇ ಹೆಚ್ಚು. ಹಾಗಾಗಿ ಈ ತಿಂಗಳು ಜಗಲಿಯಿಂದ ಅಂಗಳಕ್ಕೆ ಮೆಲ್ಲಗೆ ಇಳಿಯುವ ಅಭ್ಯಾಸ ನಡೆದಿದೆ.