ನೆಗೆಟಿವ್ ಬಿಚ್ಚಿಟ್ಟು ಬಾ

ಟಕ್ ಟಕ್ ಟಕ್ ಟಕ್...

ರಾತ್ರಿ ಹನ್ನೊಂದೂವರೆ. ಹಾಸ್ಟೆಲ್ ಶೆಡ್ಡಿನಲ್ಲಿ ನಾನು ಸೆಲ್ಫ್ ಬಟನ್ ಒತ್ತುತ್ತಲೇ ಇದ್ದೆ. ಪಕ್ಕದಲ್ಲಿ ನನ್ನ ರೂಮ್‌ಮೇಟ್ ಕಂಬಳಿ ಹೊದ್ದು ನಡುಗುತ್ತಾ ನಿಂತಿದ್ದ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಆಟೋ ಸಿಗುವ ಹೊತ್ತಲ್ಲ. ಅಪ್ಪ ಕೊಟ್ಟ ಹಳೇ ಬೈಕಿಗೆ ಕಿಕ್ಕರ್ ಕೂಡ ಇಲ್ಲ.

ಕೊನೆಗೆ ಪಕ್ಕದ ರೂಮಿನ ಇಬ್ಬರನ್ನು ಎಬ್ಬಿಸಿದೆ. ಸೆಕೆಂಡ್ ಗೇರ್ ಹಾಕಿ ಕ್ಲಚ್ ಹಿಡಿದು ಕೂತೆ. "ತಳ್ರೋ ಮಗಾ!" ಗೇಟಿನ ಹತ್ತಿರ ಕ್ಲಚ್ ಬಿಟ್ಟಾಗ ಎರಡು ಸಲ ಕೆಮ್ಮಿ ಗಾಡಿ ಸ್ಟಾರ್ಟ್ ಆಯ್ತು. ಕಾರ್ಬ್ಯುರೇಟರ್ ಗಾಡಿ, ಬ್ಯಾಟರಿಯಲ್ಲಿ ಇನ್ನೂ ಸ್ವಲ್ಪ ಜೀವ ಇತ್ತು, ಬಚಾವಾದೆವು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುತ್ತಾ ನರ್ಸ್, "ಬೇಗ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು" ಅಂದರು. ನಾನು ತಲೆ ತಗ್ಗಿಸಿದೆ. ಮುಕ್ಕಾಲು ಗಂಟೆ ಶೆಡ್ಡಿನಲ್ಲೇ ಹೋಗಿತ್ತು.

ಮಾರನೇ ದಿನ ಗ್ಯಾರೇಜಿನ ಅಣ್ಣ ಮಲ್ಟಿಮೀಟರ್ ಇಟ್ಟರು. 11.6 ವೋಲ್ಟ್. "ಎಷ್ಟು ದಿನ ನಿಲ್ಸಿದ್ರಿ?"

"ರಜೆಗೆ ಊರಿಗೆ ಹೋಗಿದ್ದೆ. ಒಂದೂವರೆ ತಿಂಗಳು."

"ಅಲಾರಂ ಬೇರೆ ಹಾಕ್ಸಿದೀರ. ಕೀ ತೆಗೆದ್ರೂ ಅದು ಕುಡೀತಾನೇ ಇರುತ್ತೆ."

ಚಾರ್ಜಿಗೆ ಹಾಕಿ ನೋಡಿದರು. ವೋಲ್ಟೇಜ್ ಏರಿತು, ಸೆಲ್ಫ್ ಒತ್ತಿದ ಕೂಡಲೇ ಕುಸಿಯಿತು. ಮೂರು ವರ್ಷದ ಬ್ಯಾಟರಿ ಮುಗಿದಿತ್ತು. ಹೊಸದಕ್ಕೆ ಮೆಸ್ ದುಡ್ಡು ಹೋಯಿತು.

ನಾಚಿಕೆಯ ವಿಷಯ ಏನಂದ್ರೆ, ಇದನ್ನೆಲ್ಲ ನಾನು ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಸುಮಾರು 2.1 ವೋಲ್ಟಿನ ಆರು ಸೆಲ್‌ಗಳು. ಡಿಸ್ಚಾರ್ಜ್ ಆಗುವಾಗ ಎರಡೂ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ, ಚಾರ್ಜ್ ಮಾಡಿದರೆ ಕರಗುತ್ತದೆ. ಆದರೆ ಖಾಲಿಯಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಆ ಹರಳುಗಳು ದಪ್ಪಗಾಗಿ ಗಟ್ಟಿಯಾಗುತ್ತವೆ, ಆಮೇಲೆ ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಸಲ್ಫೇಷನ್ ಅಂದರೆ ಇದೇ. ಸಮೀಕರಣ ಬ್ಯಾಲೆನ್ಸ್ ಮಾಡಿದ್ದೆ. ಅದು ನನ್ನ ಸೀಟಿನ ಕೆಳಗೇ ನಡೆಯುತ್ತಿದೆ ಅಂತ ಮಾತ್ರ ಹೊಳೆದಿರಲಿಲ್ಲ.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಮೊದಲು ಕೇಳಿದ್ದು, "ಆ ಹುಡುಗ ಹೆಂಗವ್ನೆ?" ಆಮೇಲೆ, "ನೆಗೆಟಿವ್ ಬಿಚ್ಚಿಟ್ಟು ಬಂದಿದ್ದಾ?"

ಬಿಚ್ಚಿರಲಿಲ್ಲ. ರಜೆಗೆ ಹೊರಡುವ ಮುಂಚೆ ಅಪ್ಪ ಫೋನಿನಲ್ಲಿ ಹೇಳಿದ್ದರು. "ಅದೆಲ್ಲ ನಿಮ್ ಕಾಲಕ್ಕಪ್ಪ" ಅಂತ ನಕ್ಕಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದ ಅಪ್ಪನಿಗೆ ಸಲ್ಫೇಷನ್ ಅನ್ನುವ ಪದ ಗೊತ್ತಿಲ್ಲ. ಆದರೆ ಉಳುಮೆ ಮುಗಿದು ಟ್ರ್ಯಾಕ್ಟರ್ ನಿಂತರೆ ಮೊದಲು ಬ್ಯಾಟರಿ ಬಿಚ್ಚುತ್ತಾರೆ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸುತ್ತಾರೆ. ಹೊಸ ಬ್ಯಾಟರಿಯ ಬೆಲೆ ಎಷ್ಟು ಮೂಟೆ ರಾಗಿ ಅಂತ ಅವರಿಗೆ ಗೊತ್ತು. ಅವತ್ತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತಿಂದ ಅಪ್ಪನೇ ನನ್ನ ಲ್ಯಾಬ್ ಮ್ಯಾನ್ಯುಯಲ್. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಮೊದಲು ಪಾಸಿಟಿವ್. ಉಲ್ಟಾ ಮಾಡಿದರೆ, ಪಾಸಿಟಿವ್ ಮೇಲಿರುವ ಸ್ಪ್ಯಾನರ್ ಚಾಸಿಗೆ ತಾಗಿದ ಕೂಡಲೇ ಶಾರ್ಟ್. ಟರ್ಮಿನಲ್ ಮೇಲೆ ಬಿಳಿ ಪುಡಿ ಕಂಡರೆ, ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಒರೆಸಿ, ಒಣಗಿದ ಮೇಲೆ ಬಿಗಿಮಾಡಿ ವ್ಯಾಸಲಿನ್ ಸವರಬೇಕು. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಮೇಲಿನ ಗೆರೆ ದಾಟದಂತೆ. ಸೀಲ್ ಆಗಿರೋದನ್ನು ತೆರೆಯಲೇಬಾರದು. ಸೆಲ್ಫ್ ಒಂದೇ ಸಮ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬಾರದು. ಹಾಸ್ಟೆಲಿನಿಂದ ಕ್ಯಾಂಟೀನಿಗೆ ಹೋಗಿ ಬಂದರೆ ಸ್ಟಾರ್ಟಿಗೆ ಖರ್ಚಾದ ಚಾರ್ಜ್ ವಾಪಸ್ ತುಂಬೋದಿಲ್ಲ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಬೇಕು.

ಮಲ್ಟಿಮೀಟರ್ ಹೇಗೂ ನಮ್ಮೆಲ್ಲರ ಹತ್ತಿರ ಇದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6ರ ಆಸುಪಾಸು ಬಂದರೆ ಆರಾಮ. 12.4ಕ್ಕಿಂತ ಕೆಳಗಿದ್ದರೆ ಚಾರ್ಜಿಗೆ ಹಾಕಿ, ಸಾಮರ್ಥ್ಯದ ಹತ್ತನೇ ಒಂದು ಭಾಗದ ಕರೆಂಟಿನಲ್ಲಿ: 9 ಆಂಪಿಯರ್-ಅವರ್ ಬ್ಯಾಟರಿಗೆ 0.9 ಆಂಪಿಯರ್. ಎಂಜಿನ್ ಓಡುವಾಗ 14ರ ಹತ್ತಿರ ಏರದಿದ್ದರೆ ತಪ್ಪು ಬ್ಯಾಟರಿಯದ್ದಲ್ಲದೇ ಇರಬಹುದು, ಚಾರ್ಜಿಂಗ್ ನೋಡಿಸಿ.

ಮುಂದಿನ ವಾರ ಎಕ್ಸಾಮ್ ಮುಗಿಯುತ್ತೆ, ಎಲ್ಲರೂ ಊರಿಗೆ ಹೊರಡ್ತೀವಿ. ಬ್ಯಾಗ್ ಪ್ಯಾಕ್ ಮಾಡುವ ಮುಂಚೆ ಒಂದು ಹತ್ತು ನಂಬರ್ ಸ್ಪ್ಯಾನರ್ ತಗೊಂಡು ಶೆಡ್ಡಿಗೆ ಬನ್ನಿ. ನನ್ನದು ಬಿಚ್ಚಿ ಆದಮೇಲೆ ನಿಮ್ಮದಕ್ಕೂ ಕೈ ಹಾಕ್ತೀನಿ. ರೂಮ್‌ಮೇಟ್ ಟಾರ್ಚ್ ಹಿಡೀತಾನೆ.