ಹಸಿರು ದೀಪ ನಂಬಿ ಕೆಟ್ಟೆ

ಬೆಳಿಗ್ಗೆ ಹತ್ತಕ್ಕೆ ಹುಬ್ಬಳ್ಳಿಯಿಂದ ಲಾರಿ ಡ್ರೈವರ್ ಫೋನ್ ಮಾಡಿದ. "ಗೋಡೌನ್‌ಗೆ ಬೀಗ ಹಾಕಿದೆ ಸಾರ್, ಲೋಡ್ ಎಲ್ಲಿ ಇಳಿಸಲಿ?" ತುಮಕೂರಿನಿಂದ ನಸುಕಿನ ಮೂರಕ್ಕೆ ಹೊರಟಿದ್ದವನು. ಕಳಿಸಬೇಡಿ ಅಂತ ಗಿರಾಕಿ ರಾತ್ರಿಯೇ ಮೇಲ್ ಹಾಕಿದ್ದರಂತೆ. ನಮಗೆ ಬಂದಿರಲಿಲ್ಲ. ಲಾರಿ ಕಳಿಸಿದ ಸಾಗಣೆ ಕಂಪನಿಯ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದವನು ನಾನು. ಸರ್ವರ್‌ಗಳ ಮೇಲೆ ಕಣ್ಣಿಡುವ ನಾಗಿಯೋಸ್ ತೆರೆದು ನೋಡಿದೆ, ಮೇಲ್ ಸರ್ವರ್ ಎದುರು ಹಸಿರು ದೀಪ. "ನಮ್ಮ ಕಡೆ ಎಲ್ಲ ಸರಿಯಾಗಿದೆ" ಅಂದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅರ್ಧ ಗಂಟೆ ಗಿರಾಕಿಯ ಕಡೆಯೇ ತಪ್ಪು ಹುಡುಕಿದೆ. ಆಮೇಲೆ ಸುಮ್ಮನೆ ನಮ್ಮ ಮೇಲ್ ಸರ್ವರ್‌ನ 25ನೇ ಪೋರ್ಟ್‌ಗೆ ಟೆಲ್ನೆಟ್ ಮಾಡಿದೆ. ಕನೆಕ್ಟೆಡ್ ಅಂತ ಬಂತು. ಅದರ ಕೆಳಗೆ ಕರ್ಸರ್ ಮಿಣುಕುತ್ತಲೇ ಇತ್ತು. ಮೇಲ್ ಸರ್ವರ್ ಆರೋಗ್ಯವಾಗಿದ್ದರೆ ಕರೆದ ಕೂಡಲೇ 220 ಎಂಬ ಸಾಲಿನಿಂದ ಓಗೊಡಬೇಕು. ಆ ಸಾಲು ಬರಲೇ ಇಲ್ಲ.

ರಾತ್ರಿ ಹನ್ನೊಂದರ ಸುಮಾರಿಗೆ ಮೇಲ್ ಇಡುವ ಸ್ಟೋರೇಜ್ ಕೈಕೊಟ್ಟಿತ್ತು, ಅದನ್ನು ಕಾಯುತ್ತಾ ಮೇಲ್ ಪ್ರೋಗ್ರಾಂ ಹೆಪ್ಪುಗಟ್ಟಿ ನಿಂತಿತ್ತು. ಆದರೆ ಪೋರ್ಟ್‌ಗೆ ಬಂದ ಕರೆಯನ್ನು ಮೊದಲು ಎತ್ತಿಕೊಳ್ಳುವುದು ಪ್ರೋಗ್ರಾಂ ಅಲ್ಲ, ಆಪರೇಟಿಂಗ್ ಸಿಸ್ಟಂನ ಕರ್ನೆಲ್. ಟಿಸಿಪಿಯ ಮೂರು ಹೆಜ್ಜೆಯ ಕೈಕುಲುಕಾಟವನ್ನು ಅದೇ ಮುಗಿಸಿ, ಬಂದವರನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಒಳಗಿನವನು ಬಂದು ಕರೆದೊಯ್ಯಲಿ, ಬಿಡಲಿ. ಲಿನಕ್ಸ್ 5.4ರಿಂದ ಆ ಸಾಲಿನ ಡೀಫಾಲ್ಟ್ ಮಿತಿ 4096. ಮೊದಲು 128 ಇತ್ತು. ಹಳೆಯ ಮಿತಿಯಿದ್ದಿದ್ದರೆ ಸಾಲು ತುಂಬಿ ಬೆಳಗಾಗುವ ಮೊದಲೇ ದೀಪ ಕೆಂಪಾಗುತ್ತಿತ್ತೇನೋ. ನಾಗಿಯೋಸ್‌ನಲ್ಲಿ ನಾನು ಹಾಕಿದ್ದ ತಪಾಸಣೆ, ಅಂದರೆ ನನ್ನ ಪ್ರೋಬ್, ಐದು ನಿಮಿಷಕ್ಕೊಮ್ಮೆ ಹೋಗಿ, ಕರ್ನೆಲ್‌ನ ಕೈ ಕುಲುಕಿ, ಕ್ಷೇಮ ಅಂತ ಬಂದು ಹೇಳುತ್ತಿತ್ತು. ಕನೆಕ್ಷನ್‌ಗಳನ್ನು ತೋರಿಸುವ ಎಸ್‌ಎಸ್ ಕಮಾಂಡ್ ಕೊಟ್ಟಾಗ ಸಾಲಿನಲ್ಲಿ 214 ಕನೆಕ್ಷನ್ ನಿಂತಿದ್ದವು. ಅರ್ಧಕ್ಕಿಂತ ಹೆಚ್ಚು ನನ್ನ ಪ್ರೋಬ್ ಬಿಟ್ಟುಹೋದವೇ.

220 ಬರುವವರೆಗೆ ಕಾಯುವ ಚೆಕ್_ಎಸ್‌ಎಂಟಿಪಿ ಪ್ಲಗಿನ್ ನಾಗಿಯೋಸ್‌ನ ಮಾಮೂಲಿ ಪ್ಲಗಿನ್‌ಗಳ ಜೊತೆಗೇ ಸಿಗುತ್ತದೆ. ನಾನು ಪೋರ್ಟ್ ತೆರೆದಿದೆಯೇ ಅಂತಷ್ಟೇ ನೋಡುವ ಚೆಕ್_ಟಿಸಿಪಿಯ ಒಂದೇ ಸಾಲನ್ನು ಎಲ್ಲ ಸೇವೆಗಳಿಗೂ ಕಾಪಿ ಮಾಡಿ ಪೋರ್ಟ್ ನಂಬರ್ ಬದಲಿಸುತ್ತಾ ಹೋಗಿದ್ದೆ. ಪರೀಕ್ಷೆ ಮಾಡಿರಲಿಲ್ಲ ಅಂತಲ್ಲ. ಸರ್ವಿಸ್ ನಿಲ್ಲಿಸಿ ನೋಡಿದ್ದೆ, ಪೋರ್ಟ್ ಮುಚ್ಚಿತು, ದೀಪ ಕೆಂಪಾಯಿತು, ಸಾಕು ಅಂದುಕೊಂಡೆ. ಸತ್ತರೆ ಗೊತ್ತಾಗುತ್ತಿತ್ತು. ಉಸಿರಿದ್ದೂ ಪ್ರಜ್ಞೆ ತಪ್ಪಿದರೆ ಏನು ಗತಿ ಎಂಬುದು ಹೊಳೆದೇ ಇರಲಿಲ್ಲ. ಸರ್ವರ್‌ಗಳು ಹಾಗೆಯೂ ಕೆಡುತ್ತವೆ ಅಂತ ಈಗ ನನಗೆ ಗೊತ್ತು.

ಈಗ ಪ್ರೋಬ್ ಬರೆದರೆ ಪ್ರೋಗ್ರಾಂಗೆ ಸಿಗ್‌ಸ್ಟಾಪ್ ಕಳಿಸಿ ಅದನ್ನು ಇದ್ದಲ್ಲೇ ಹೆಪ್ಪುಗಟ್ಟಿಸುತ್ತೇನೆ. ಪೋರ್ಟ್ ತೆರೆದೇ ಇರುತ್ತದೆ, ಉತ್ತರ ಮಾತ್ರ ಇಲ್ಲ. ಆಗ ದೀಪ ಕೆಂಪಾಗುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ. ಮೇಲ್‌ಗಂತೂ ಇನ್ನೊಂದು ಊರಿನ ಸರ್ವರ್‌ನಿಂದ ಒಂದು ಪುಟ್ಟ ಪತ್ರ ಕಳಿಸಿ, ಅದು ಇನ್‌ಬಾಕ್ಸ್‌ಗೆ ತಲುಪಿತೇ ಅಂತ ತೆಗೆದು ನೋಡಿಸುತ್ತೇನೆ.

ಸ್ಟೋರೇಜ್ ಸರಿಹೋದ ಮೇಲೆ, ಮಧ್ಯಾಹ್ನ ಹನ್ನೆರಡಕ್ಕೆ, ಆ ಮೇಲ್ ಬಂತು. ಕಳಿಸಿದ ಸಮಯ ರಾತ್ರಿ 11:40. ಡ್ರೈವರ್‌ಗೆ ನಾನೇ ಫೋನ್ ಮಾಡಿ, ತಪ್ಪು ನನ್ನದು ಅಂದೆ. "ಇರಲಿ ಸಾರ್, ಊಟ ಮಾಡಿ ಹೊರಡ್ತೀನಿ" ಅಂದ. ಅಷ್ಟು ಹೊತ್ತೂ ಅವನು ಬೀಗ ಹಾಕಿದ ಗೇಟಿನ ಮುಂದೆಯೇ ಕೂತಿದ್ದ.