500 ಜಿಬಿಯೊಳಗಿನ 40 ಕೆಬಿ

ಹಜೀರಾದಲ್ಲಿ ಯಾವ ಸಾಮಾನಿನ ಸ್ಕ್ರೂ ಬಿಚ್ಚಲು ಹೋದರೂ ಮೊದಲು ಎದುರಾಗುವುದು ತುಕ್ಕು. ತಾಪಿ ನದಿ ಸಮುದ್ರ ಸೇರುವ ಜಾಗ ಇದು. ಉಪ್ಪುಗಾಳಿ ಕಿಟಕಿಯ ಸರಳಿನಿಂದ ಹಿಡಿದು ಸೈಕಲ್ಲಿನ ಚೈನಿನವರೆಗೆ ಯಾವುದನ್ನೂ ಬಿಡುವುದಿಲ್ಲ. ಹೋದ ಡಿಸೆಂಬರಿನ ಒಂದು ಶನಿವಾರ ನಮ್ಮ ಟೌನ್‌ಶಿಪ್ಪಿನ ಮನೆಯ ಊಟದ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪನ್ನು ಬೋರಲು ಹಾಕಿಕೊಂಡು ಕೂತಾಗ ಎರಡು ಸ್ಕ್ರೂಗಳು ಅಲ್ಲಾಡಲೇ ಇಲ್ಲ. ಕೊಬ್ಬರಿ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದೆ. ಎಂ.ಟೆಕ್. ಮಾಡಿ ಇಪ್ಪತ್ತು ವರ್ಷದ ಹತ್ತಿರವಾಯಿತು. ಅದರಲ್ಲಿ ಕೊನೆಯ ಹನ್ನೆರಡು ವರ್ಷ ನಾನು ಬಿಚ್ಚಿದ್ದು ಎಕ್ಸೆಲ್ ಶೀಟುಗಳನ್ನು ಮಾತ್ರ.

2011ರಲ್ಲಿ ಕೊಂಡ ಲ್ಯಾಪ್‌ಟಾಪು ಅದು. ಈಗ ಹನ್ನೊಂದನೇ ತರಗತಿಯಲ್ಲಿರುವ ಮಗಳಿಗೆ ಪ್ರೋಗ್ರಾಮಿಂಗ್ ಕಲಿಯಲು ಒಂದು ಕಂಪ್ಯೂಟರ್ ಬೇಕಾಗಿತ್ತು. ಇದನ್ನು ಆನ್ ಮಾಡಿ ಚಹಾ ಕುದಿಸಿ, ಸೋಸಿ, ಕುಡಿದು ಮುಗಿಸಿದರೂ ಪರದೆಯ ಮೇಲೆ ಗೋಲ ತಿರುಗುತ್ತಲೇ ಇರುತ್ತಿತ್ತು. ಸ್ಟಾಪ್‌ವಾಚ್ ಹಿಡಿದು ನೋಡಿದರೆ ಮೂರು ನಿಮಿಷ ನಲವತ್ತು ಸೆಕೆಂಡು. ಸೂರತ್ತಿನ ಅಡಾಜಣದಲ್ಲಿರುವ ಅಂಗಡಿಯವನಿಗೆ ತೋರಿಸಿದೆ. ಅವನು ಮುಚ್ಚಳವನ್ನೂ ತೆಗೆಯದೆ, "ಸಾಹೇಬ್, ನವುಂ ಲೈ ಲೋ ನೆ" ಅಂದ. ಹೊಸದು ತಗೋಬಹುದಿತ್ತು, ದುಡ್ಡಿನ ತೊಂದರೆಯೇನೂ ಇರಲಿಲ್ಲ. ಆದರೆ ಅವನು ಮುಟ್ಟಿಯೂ ನೋಡಲಿಲ್ಲವಲ್ಲ ಎಂದು ಹಟ ಬಂತು. ಹೊಸ ಲ್ಯಾಪ್‌ಟಾಪಿನ ಹತ್ತನೇ ಒಂದು ಪಾಲಿನಷ್ಟು ಬೆಲೆಗೆ ಅವನ ಅಂಗಡಿಯಿಂದಲೇ ಒಂದು ಎಸ್‌ಎಸ್‌ಡಿ ತಂದೆ.

ಹಳೆ ಹಾರ್ಡ್‌ಡಿಸ್ಕು ಯಾಕೆ ಅಷ್ಟು ನಿಧಾನ ಎಂದು ಮಗಳು ಕೇಳಿದಳು. ಒಳಗೆ ತಟ್ಟೆಯೊಂದು ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಹನ್ನೊಂದು ಮಿಲಿಸೆಕೆಂಡು. ಓದುವ ಮುಳ್ಳು ಸರಿಯಾದ ಸಾಲಿಗೆ ಹೋಗಿ, ಬೇಕಾದ ತುಣುಕು ತನ್ನ ಕೆಳಗೆ ತಿರುಗಿ ಬರುವತನಕ ಕಾಯಬೇಕು. ತಹಶೀಲ್ದಾರ್ ಕಚೇರಿಯ ದಫ್ತರಖಾನೆಯಲ್ಲಿ ಒಬ್ಬನೇ ಗುಮಾಸ್ತನಿದ್ದು, ಅವನು ಪ್ರತಿ ಹಾಳೆಗೂ ಒಂದೊಂದು ಸಲ ಒಳಗೆ ಹೋಗಿ ಬಂದ ಹಾಗೆ. ಕಂಪ್ಯೂಟರ್ ಶುರುವಾಗುವಾಗ ಇಂಥ ಸಾವಿರಾರು ಚಿಕ್ಕ ಹಾಳೆಗಳು ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಮುಳ್ಳೂ ಇಲ್ಲ. 1987ರಲ್ಲಿ ಜಪಾನಿನ ತೋಷಿಬಾ ಕಂಪನಿಯ ಫುಜಿಯೋ ಮಸುಓಕ ಮತ್ತು ಸಂಗಡಿಗರು ಮಂಡಿಸಿದ ನ್ಯಾಂಡ್ ಫ್ಲ್ಯಾಶ್ ಎಂಬ ಚಿಪ್ಪು ಅದರೊಳಗಿರುವುದು. ಕೋಶಗಳಲ್ಲಿ ಕೂಡಿಟ್ಟ ವಿದ್ಯುದಾವೇಶವೇ ಅಕ್ಷರ. ಹುಡುಕಲು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅದಕ್ಕೇ ಹಳೆಯ ಲ್ಯಾಪ್‌ಟಾಪಿನ ಸಾಟಾ ಕನೆಕ್ಷನ್ ನಿಧಾನದ್ದಾದರೂ ಚಿಂತೆಯಿಲ್ಲ. ವೇಗ ಬರುವುದು ಸಾಗಣೆಯಿಂದಲ್ಲ, ಕಾಯುವುದು ತಪ್ಪಿದ್ದರಿಂದ.

ಇಷ್ಟೆಲ್ಲ ಹೇಳಿದ ಮಹಾಶಯ ಮಾಡಿದ ತಪ್ಪು ನೋಡಿ. ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿಬಿಟ್ಟರೆ ಮುಗೀತು ಅಂದುಕೊಂಡಿದ್ದೆ. ಹಳೆಯ ಡಿಸ್ಕು 500 ಜಿಬಿ. ನಾನು ತಂದದ್ದು 480ರದ್ದು. ಐದು ಸೇರಿನ ಡಬ್ಬಿಯದ್ದನ್ನು ಅದಕ್ಕಿಂತ ಚಿಕ್ಕ ಡಬ್ಬಿಗೆ ಸುರಿಯಲು ಹೊರಟಿದ್ದೆ. ಆಫೀಸಿನಲ್ಲಿ ನನ್ನ ಟೀಮಿನ ಹುಡುಗ ಯಾರಾದರೂ ಹೀಗೆ ಮಾಡಿದ್ದರೆ ಒಂದು ಮೀಟಿಂಗೇ ಕರೆಯುತ್ತಿದ್ದೆ.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಗೊತ್ತಾಯಿತು. ಹಾರ್ಡ್‌ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್ ವರದಿ ತೆಗೆದರೆ ಓದಲಾಗದ ಸೆಕ್ಟರುಗಳ ಲೆಕ್ಕ ಏರುತ್ತಿತ್ತು. ಕಿವಿ ಹಚ್ಚಿದರೆ ಟಿಕ್ ಟಿಕ್ ಶಬ್ದ. ಅಂದರೆ ಅದು ನಿಧಾನವಾಗಿದ್ದು ಬರೀ ವಯಸ್ಸಿನಿಂದಲ್ಲ, ಸಾಯುತ್ತಿತ್ತು. ಒಳಗಿದ್ದದ್ದಕ್ಕೆ ಇನ್ನೊಂದು ಪ್ರತಿ ಇರಲಿಲ್ಲ. ಕೋಟಿಗಟ್ಟಲೆ ರೂಪಾಯಿಯ ಪ್ರಾಜೆಕ್ಟುಗಳ ಬ್ಯಾಕಪ್ ಯೋಜನೆಗೆ ಸಹಿ ಹಾಕುವವನ ಮನೆಯ ಕತೆ ಇದು.

ಒಳಗೆ ಏನಿತ್ತು ಅಂದರೆ ಫೋಟೋ, ಸಿನಿಮಾ, ನನ್ನ ಥೀಸಿಸ್ಸು. ಜೊತೆಗೆ 'ಊರು' ಎಂಬ ಹೆಸರಿನ ನಲವತ್ತು ಕೆಬಿಯ ಒಂದು ಫೈಲು.

2012ರ ಚಳಿಗಾಲದಲ್ಲಿ ಅಪ್ಪ ಮೂರು ತಿಂಗಳು ನಮ್ಮ ಜೊತೆ ಇದ್ದರು. ಸೂರತ್ತಿನ ಪೊಂಕ್ ಬರುವ ಕಾಲ ಅದು. ಹಸಿ ಜೋಳದ ತೆನೆ ಸುಟ್ಟು ಬಡಿದ ಕಾಳು. ಮೊದಲ ದಿನ ಬಾಯಿಗೆ ಹಾಕಿಕೊಂಡವರೇ, "ಇದು ನಮ್ಮ ಸೀತನಿನಲೇ!" ಅಂದರು. ಅದು ಬಿಟ್ಟರೆ ಅವರಿಗೆ ಇಲ್ಲಿ ಬೇಸರ. ಗುಜರಾತಿ ಬಾರದು, ವಾಕಿಂಗ್ ಹೋದರೆ ಮಾತಿಗೆ ಜನವಿಲ್ಲ. ನಿವೃತ್ತ ಮೇಷ್ಟ್ರು, ಖಾಲಿ ಕೂಡುವವರಲ್ಲ. ನುಡಿ ತಂತ್ರಾಂಶ ಹಾಕಿಕೊಟ್ಟು, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ತೋರಿಸಿಕೊಟ್ಟೆ. ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಅವರು ಬರೆದದ್ದು ನಮ್ಮೂರಿನ ಹೊಲಗಳ ಹೆಸರು. ಹಿರೇ ಎರಿ, ಹುಣಸಿ ಮಡ್ಡಿ, ಹಾಳಬಾವಿ ಹೊಲ, ಬನ್ನಿಗಿಡದ ಪಟ್ಟಿ, ಹೊಳಿದಂಡಿ ಮಸಾರಿ... ಯಾವುದು ಯಾರದ್ದು, ಯಾರು ಯಾರಿಗೆ ಮಾರಿದರು, ಯಾವ ಬದುವಿಗೆ ಜಗಳವಾಯಿತು ಎಲ್ಲ. ಬಾಗಲಕೋಟೆ ಹತ್ತಿರ ಘಟಪ್ರಭೆಯ ದಂಡೆಯಲ್ಲಿದ್ದ ಊರು ಅದು. ಈಗ ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ರೇವೆ ಮಣ್ಣು ಮೇಲೆ ಬರುತ್ತದೆ, ಬದುಗಳು ಮಾತ್ರ ಕಾಣುವುದಿಲ್ಲ. 519.6 ಮೀಟರಿಗೆ ನಿಂತ ನೀರನ್ನು 524.256ಕ್ಕೆ ಏರಿಸುವ ಸುದ್ದಿಯನ್ನು ನವನಗರದ ಮನೆಯಲ್ಲಿ ಕೂತು ಅಪ್ಪ ಈಗಲೂ ದಿನಾ ಪೇಪರಿನಲ್ಲಿ ಹುಡುಕುತ್ತಾರೆ.

ಫೋನ್ ಮಾಡಿ ಹೇಳಿದೆ, ಡಿಸ್ಕು ಕೆಟ್ಟಿದೆ, ನಿಮ್ಮ ಫೈಲು ಉಳಿಯುತ್ತದೋ ಇಲ್ಲವೋ ಎಂದು.

"ಹೋದ್ರ ಹೋಗ್ಲಿ ಬಿಡೋ ತಮ್ಮಾ. ಎಲ್ಲಾ ನನ್ನ ತಲ್ಯಾಗ ಐತಿ."

ಹಾಳಾಗುತ್ತಿರುವ ಡಿಸ್ಕಿನ ಮೇಲೆ ಕೆಲಸ ಮಾಡುವವರಿಗೆ ಒಂದು ಮಾತು. ಫೈಲುಗಳನ್ನು ಒಂದೊಂದಾಗಿ ಎಳೆಯಲು ಹೋಗಬೇಡಿ. ಕೆಟ್ಟ ಜಾಗ ಸಿಕ್ಕಲ್ಲಿ ಡಿಸ್ಕು ಅಲ್ಲೇ ಗುದ್ದಾಡಿ ಇನ್ನಷ್ಟು ಕೆಡುತ್ತದೆ. ನಾನು ಪೆನ್‌ಡ್ರೈವಿನಿಂದ ಲಿನಕ್ಸ್ ಶುರು ಮಾಡಿ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಓಡಿಸಿದೆ. ಅದು ಜಾಣ. ಸುಲಭಕ್ಕೆ ಸಿಗುವುದನ್ನೆಲ್ಲ ಮೊದಲು ಬಾಚಿಕೊಂಡು, ಕೆಟ್ಟ ಜಾಗಗಳನ್ನು ಪಟ್ಟಿ ಮಾಡಿಟ್ಟು, ಕೊನೆಗೆ ಅವುಗಳ ಬಳಿ ಬರುತ್ತದೆ. ಇಡೀ ಡಿಸ್ಕಿನ ಪ್ರತಿಯನ್ನು ಹೊರಗಿನ ಒಂದು ಟಿಬಿ ಡ್ರೈವಿಗೆ ಇಳಿಸಿಕೊಳ್ಳುವುದು, ಎಸ್‌ಎಸ್‌ಡಿಯಲ್ಲಿ ಎಲ್ಲ ಹೊಸದಾಗಿ ಶುರು ಮಾಡುವುದು ಎಂದು ತೀರ್ಮಾನವಾಯಿತು. ಹೇಗೂ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು, 11 ಇಂಥ ಮುದಿ ಯಂತ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಗಳಿಗೆ ಲಿನಕ್ಸೇ ಸಾಕು.

ರಾತ್ರಿ ಹನ್ನೊಂದಕ್ಕೆ ಹಚ್ಚಿದ್ದು. ನಿದ್ದೆ ಬರಲಿಲ್ಲ. ಟೆರೇಸಿಗೆ ಹೋದರೆ ದೂರದಲ್ಲಿ ಲಂಗರು ಹಾಕಿದ ಹಡಗುಗಳ ದೀಪ, ಕಾರ್ಖಾನೆಯ ಚಿಮಣಿಯ ಬೆಂಕಿ. ಮತ್ತೆ ಕೆಳಗೆ ಬಂದು ಪರದೆ ನೋಡುವುದು. ಮರುದಿನ ಮಧ್ಯಾಹ್ನ ಮುಗಿದಾಗ ಓದಲಾಗದೇ ಉಳಿದದ್ದು ಹತ್ತಿರ ಹತ್ತಿರ 3 ಎಂಬಿ. ಸ್ಟೇಟಸ್ ರಿಪೋರ್ಟಿನಲ್ಲಿ ಇದನ್ನು ನೂರಕ್ಕೆ ನೂರು ಎಂದೇ ಬರೆಯುತ್ತೇವೆ. ಆದರೆ 3 ಎಂಬಿಯಲ್ಲಿ ಅಪ್ಪನ ಫೈಲು ಎಪ್ಪತ್ತೈದು ಸಲ ಹಿಡಿಸುತ್ತದೆ.

ಹೋದದ್ದು ಬೇರೆ. ಮಗಳು ಎಲ್‌ಕೆಜಿಯಲ್ಲಿ ಗರ್ಬಾ ಕುಣಿದ ವೀಡಿಯೊ, ಅರ್ಧಕ್ಕೆ ಅವಳ ಕೈ ಮೇಲೆತ್ತಿದಲ್ಲಿಗೆ ನಿಂತುಬಿಡುತ್ತದೆ. ಹೆಂಡತಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. "ಹೊಲದ ಹೆಸರು ಉಳೀತು, ಮಗಳು ಹೋದ್ಲು" ಅಂದಳು. ಉತ್ತರವಿರಲಿಲ್ಲ.

'ಊರು' ತೆರೆಯಿತು. ತೆರೆದರೆ ಕನ್ನಡವೇ ಇಲ್ಲ! ಪೌಂಡಿನ ಚಿಹ್ನೆ, ತಲೆ ಮೇಲೆ ಗೀಟಿರುವ 'ಎ' ಅಕ್ಷರ, ಮತ್ತೆ ಪೌಂಡು. ಆ ಕಾಲದ ನುಡಿ ಫೈಲುಗಳಲ್ಲಿ ಕನ್ನಡ ಬರೀ ವೇಷ, ಒಳಗಿರುವುದು ಯುರೋಪಿನ ಅಕ್ಷರಗಳು. ಆ ಫಾಂಟಿಲ್ಲದೆ ವೇಷ ಕಳಚುತ್ತದೆ. ಯೂನಿಕೋಡಿಗೆ ಪರಿವರ್ತಿಸಿದೆ. ಬಹುಪಾಲು ಸರಿಬಂತು. ಅರ್ಕಾವತ್ತು ಇದ್ದ ಕೆಲವು ಕಡೆ ಮಾತ್ರ ಐಸ್‌ಲ್ಯಾಂಡಿನವರು ಬಳಸುವ ಅಕ್ಷರವೊಂದು ಹಾಗೇ ಉಳಿದುಕೊಂಡಿತ್ತು. ಅವನ್ನು ಕೈಯಿಂದ ತಿದ್ದಿದೆ.

ಲ್ಯಾಪ್‌ಟಾಪು ಈಗ ಇಪ್ಪತ್ತೆರಡು ಸೆಕೆಂಡಿನಲ್ಲಿ ಏಳುತ್ತದೆ, ಚಹಾದ ನೀರು ಬಿಸಿಯೂ ಆಗಿರುವುದಿಲ್ಲ. ಹಾಗಂತ ಅಪ್ಪನ ಫೈಲನ್ನು ಅದೊಂದರಲ್ಲೇ ಇಟ್ಟಿಲ್ಲ. ಎಸ್‌ಎಸ್‌ಡಿ ಹಾರ್ಡ್‌ಡಿಸ್ಕಿನ ಹಾಗೆ ಟಿಕ್ ಟಿಕ್ ಎಂದು ಮುನ್ಸೂಚನೆ ಕೊಡುವುದಿಲ್ಲ, ಸಾಯುವುದಾದರೆ ಸದ್ದಿಲ್ಲದೆ ಸಾಯುತ್ತದೆ. ಅಳಿಸಿದ ಫೈಲಿನ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ಗುಡಿಸಿ ಹಾಕಿಬಿಡುವುದರಿಂದ ಮತ್ತೆ ಹೆಕ್ಕುವುದೂ ಕಷ್ಟ. ವರ್ಷಗಟ್ಟಲೆ ಕರೆಂಟಿಲ್ಲದೆ ಕಪಾಟಿನಲ್ಲಿಟ್ಟರೆ ಕೋಶಗಳ ಆವೇಶ ಮೆಲ್ಲಗೆ ಸೋರುತ್ತದೆ. ಓಡಾಟಕ್ಕೆ ಅದು, ಕಾಪಿಡಲು ಬೇರೆ. ಮೂರು ಕಡೆ ಪ್ರತಿ ಇಟ್ಟು, ನಾಲ್ಕನೆಯದನ್ನು ಪ್ರಿಂಟ್ ತೆಗೆದು ಬಾಗಲಕೋಟೆಗೆ ಕೊರಿಯರ್ ಮಾಡಿದೆ.

ನಾಲ್ಕನೇ ದಿನ ಅಪ್ಪನ ಫೋನು. ಖುಷಿಯಲ್ಲಿದ್ದರು. ಒಂದೊಂದೇ ಓದುತ್ತಾ ಹೋದವರು ತಟ್ಟನೆ ನಿಂತರು.

"ತಮ್ಮಾ, ಇಲ್ಲಿ ಕರ್ಕಿ ಪಟ್ಟಿ ಅಂತ ಐತಿ. ಇದನ್ನ ನೀ ಸೇರಿಸಿಯೇನು?"

"ಇಲ್ಲ ಅಪ್ಪ, ನೀವೇ ಬರದದ್ದು."

"ನಾನs? ಯಾರದಿದು ಕರ್ಕಿ ಪಟ್ಟಿ..." ಬಹಳ ಹೊತ್ತು ಸುಮ್ಮನಿದ್ದರು. ಪರಿವರ್ತನೆಯಲ್ಲಿ ನಾನೇ ತಪ್ಪು ತಿದ್ದಿದೆನೇ ಎಂದು ಹಳೆ ಪ್ರತಿ ತೆಗೆದು ನೋಡಿದೆ. ಅಲ್ಲೂ ಅದೇ ಇತ್ತು. ಪಕ್ಕದಲ್ಲಿ ಯಾರ ಹೆಸರೂ ಇರಲಿಲ್ಲ, ಆಮೇಲೆ ತುಂಬೋಣ ಅಂತ ಬಿಟ್ಟಿದ್ದರೋ ಏನೋ.

"ಇರ್ಲಿ, ನೆನಪಾದ್ರ ಹೇಳ್ತೀನಿ. ಒಂದು ಬಿಟ್ಟೈತಿ ನೋಡು, ಅದನ್ನ ಬರಕೋ" ಅಂದರು. ಫೋನನ್ನು ಸ್ಪೀಕರಿಗೆ ಹಾಕಿ ಮಗಳ ಮುಂದೆ ಲ್ಯಾಪ್‌ಟಾಪು ಸರಿಸಿದೆ. ಅವಳ ಕನ್ನಡ ಕಾಗುಣಿತ ಅಷ್ಟಕ್ಕಷ್ಟೆ. ಆದರೆ ಗುಜರಾತಿಯಲ್ಲೂ 'ಳ' ಇರುವುದರಿಂದ ಅದೊಂದು ತಪ್ಪುವುದಿಲ್ಲ.

"ಹಳ್ಳದ ಮಡ್ಡಿ" ಅಂದರು ಅಪ್ಪ.

ಅವಳು ಕುಟ್ಟಿದಳು. "ಅಜ್ಜಾ, ಮಡ್ಡಿ ಅಂದ್ರ ಏನು?"

"ಕಲ್ಲ ಭೂಮಿ ಅವ್ವಾ. ನೀರ ನಿಂದ್ರಂಗಿಲ್ಲ ಅಲ್ಲಿ" ಅಂದರು ಅಪ್ಪ. ಆಮೇಲೆ ತಮ್ಮ ಮಾತಿಗೆ ತಾವೇ ನಕ್ಕರು.